ಯಾರ ಹಿಡಿ ಅಕ್ಕಿ ಯಾವುದು?

ಪ್ರಶ್ನೆ: ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ವಸ್ತುಗಳನ್ನು ಹರಾಜು ಹಾಕುತ್ತಾರೆ. ಕೆಲವರು ಒಂದು ಕುಂಬಳಕಾಯಿಗೆ ಸಾವಿರಗಟ್ಟಲೆ ಕೂಗುತ್ತಾರೆ, ಮೈಕಿನಲ್ಲಿ ಅವರ ಹೆಸರು ಹೇಳುತ್ತಾರೆ. ನನ್ನ ಗಂಡ ಆಟೋ ಓಡಿಸುತ್ತಾರೆ. ನಾನು ಕೊಟ್ಟದ್ದು ಎರಡು ಸೇರು ರಾಗಿ, ಅಷ್ಟೆ. ತುಂಬಾ ಸಂಕೋಚವಾಯಿತು. ದೇವರ ಮೇಲೆ ಪ್ರೀತಿ ಇದ್ದರೂ ಕೈಯಲ್ಲಿ ಇಲ್ಲದವರು ಏನು ಮಾಡಬೇಕು?
- ಒಬ್ಬ ಸಹೋದರಿ, ಹಾಸನ

ಉತ್ತರ: ಎರಡು ಸೇರು ರಾಗಿಗೆ 'ಅಷ್ಟೆ' ಅನ್ನಬೇಡಿ ತಂಗೀ. ಅದು ನಿಮ್ಮ ಮನೆಯ ಊಟದಿಂದ ಬಂದದ್ದು.

ಮಾರ್ಕನ ಸುವಾರ್ತೆಯ 12ನೇ ಅಧ್ಯಾಯ ತೆಗೆಯಿರಿ. ಯೇಸು ದೇವಾಲಯದ ಕಾಣಿಕೆ ಪೆಟ್ಟಿಗೆಯ ಎದುರಿಗೆ ಕೂತು ಜನ ದುಡ್ಡು ಹಾಕುವುದನ್ನು ನೋಡುತ್ತಿದ್ದಾರೆ. ಶ್ರೀಮಂತರು ಜಾಸ್ತಿ ಹಾಕಿದರು, ಒಬ್ಬ ಬಡ ವಿಧವೆ ಎರಡು ಕಾಸು ಹಾಕಿದಳು. ಎಲ್ಲರಿಗಿಂತ ಹೆಚ್ಚು ಹಾಕಿದವಳು ಇವಳೇ ಎಂದು ಯೇಸು ಹೇಳಿದ್ದು ನಮಗೆಲ್ಲ ಗೊತ್ತು, ಆದರೆ ಯಾರಿಗೆ ಹೇಳಿದರು? ಶಿಷ್ಯರನ್ನು ಹತ್ತಿರ ಕರೆದು ಅವರಿಗೆ. ಆ ಹೆಂಗಸಿಗೆ ಹೇಳಿದರು ಎಂದು ಎಲ್ಲೂ ಬರೆದಿಲ್ಲ. ಅವಳ ಹೆಸರೂ ಬರೆದಿಲ್ಲ. ನನಗೆ ಈ ಭಾಗ ತುಂಬಾ ಇಷ್ಟ.

ಮಿಜೋರಾಮಿನ ತಾಯಂದಿರ ವಿಷಯ ಕೇಳಿದ್ದೀರಾ? ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಗಳಲ್ಲಿ 1910ರಿಂದ 'ಬುಹ್‌ಫೈ ಥಾಮ್' ಅನ್ನುವ ಪದ್ಧತಿ ಇದೆ. ಹಿಡಿ ಅಕ್ಕಿ ಎಂದೇ ಅರ್ಥ. ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಪಾತ್ರೆಗೆ ಹಾಕುತ್ತಾರೆ, ಆಮೇಲೆ ಸಭೆಯ ಹೆಂಗಸರು ಮನೆಮನೆಯಿಂದ ಅದನ್ನು ಒಟ್ಟು ಮಾಡಿ ಮಾರುತ್ತಾರೆ, ಬಂದ ಹಣ ಸಭೆಯ ಕೆಲಸಕ್ಕೆ ಹೋಗುತ್ತದೆ. ಶುರುವಾದ ಕಾಲದಲ್ಲಿ ಅವರ ಕೈಯಲ್ಲಿ ದುಡ್ಡು ಓಡಾಡುತ್ತಿರಲಿಲ್ಲ. ಅಕ್ಕಿ ಪಾತ್ರೆ ಮಾತ್ರ ಅವರ ಕೈಯಲ್ಲಿತ್ತು, ಅದರಿಂದಲೇ ಕೊಟ್ಟರು. ಈಗ ಅದರಿಂದ ವರ್ಷಕ್ಕೆ ಕೋಟಿಗಟ್ಟಲೆ ಬರುತ್ತದೆ. ಮೂಟೆಗೆ ಸೇರಿದ ಮೇಲೆ ಯಾರ ಹಿಡಿ ಯಾವುದು ಎಂದು ಯಾರು ಹೇಳುತ್ತಾರೆ?

ಕಥೋಲಿಕ ಸಭೆಯಲ್ಲೂ ಇಂಥದ್ದೊಂದು ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡ್ರಿಕ್ ಓಜಾನಂ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಸೇರಿ ಶುರು ಮಾಡಿದ, ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ಡಿ ಪಾಲ್ ಸಭೆ ನಮ್ಮ ಮಂಗಳೂರು ಕಡೆಯ ಚರ್ಚುಗಳಲ್ಲೂ ಇದೆ. ಅವರ ಕೂಟದಲ್ಲಿ ಒಂದು ಚೀಲ ಸುತ್ತು ಬರುತ್ತದೆ, ಎಲ್ಲರೂ ಮುಷ್ಟಿ ಮುಚ್ಚಿಕೊಂಡೇ ಕೈ ಹಾಕುತ್ತಾರೆ. ಆ ವಾರ ಏನೂ ಇಲ್ಲದವನೂ ಕೈ ಹಾಕಬಹುದು, ಪಕ್ಕದವನಿಗೆ ಗೊತ್ತಾಗುವುದಿಲ್ಲ. ಎಷ್ಟು ಮರ್ಯಾದೆಯ ಏರ್ಪಾಡು, ಅಲ್ವಾ?

ಹರಾಜು ಬೇಡ ಎಂದು ನಾನು ಹೇಳುವುದಿಲ್ಲ, ಅದರಲ್ಲಿ ಸಂತೋಷವೂ ಇದೆ. ಆದರೆ ಮೈಕಿನಲ್ಲಿ ಹೆಸರು ಬೇಡ ಎಂದು ನಿಮ್ಮ ಸಭಾಪಾಲಕರ ಹತ್ತಿರ ಒಮ್ಮೆ ಮಾತಾಡಿ ನೋಡಿ.

ಪ್ರಶ್ನೆ: ನಮ್ಮ ಯುವಕರ ಗುಂಪು ಬಡ ಮಕ್ಕಳಿಗೆ ಪುಸ್ತಕ, ಫೀಸು ಕೊಡುತ್ತದೆ. ಕೊಡುವ ಫೋಟೋ ವಾಟ್ಸಾಪ್‌ನಲ್ಲಿ ಹಾಕಿದರೆ ಬೇರೆಯವರಿಗೂ ಮನಸ್ಸು ಬರುತ್ತದೆ. ಇದರಲ್ಲಿ ತಪ್ಪೇನು?
- ಒಬ್ಬ ಓದುಗ, ಮೈಸೂರು

ಉತ್ತರ: ನಿಮ್ಮ ಉದ್ದೇಶ ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೂ ಬೇಡ ಅನ್ನುತ್ತೇನೆ. ನಾನು ಚಿಕ್ಕವಳಿದ್ದಾಗ ಕ್ರಿಸ್ಮಸ್‌ಗೆ ಒಂದು ಕಡೆ ಸ್ಟೇಜ್ ಮೇಲೆ ಕರೆದು ನನಗೆ ಫ್ರಾಕ್ ಕೊಟ್ಟರು. 'ಬಡ ಮಕ್ಕಳು ಈ ಕಡೆ ಬನ್ನಿ' ಎಂದು ಕರೆದಿದ್ದರು. ಚೆಂದದ ಫ್ರಾಕೇ. ನಾನು ಅದನ್ನು ಒಂದು ದಿನವೂ ಚರ್ಚಿಗೆ ಹಾಕಿಕೊಂಡು ಹೋಗಲಿಲ್ಲ.

ಬಲಗೈ ಮಾಡಿದ್ದು ಎಡಗೈಗೂ ತಿಳಿಯಬಾರದು ಎಂದು ಮತ್ತಾಯ 6ರಲ್ಲಿ ಓದುತ್ತೇವೆ. ಯೋಹಾನ 13ರಲ್ಲಿ ಯೇಸು ಶಿಷ್ಯರ ಕಾಲು ತೊಳೆಯುತ್ತಾರೆ, ಕಾಲು ತೊಳೆಯಬೇಕಾದರೆ ಅವರಿಗಿಂತ ಕೆಳಗೆ ಕೂರಬೇಕು. ಫೋಟೋದಲ್ಲಿ ಮಾತ್ರ ನಾವು ಯಾವಾಗಲೂ ಎತ್ತರಕ್ಕೆ ನಿಂತಿರುತ್ತೇವೆ, ಮಗು ಕೈ ಚಾಚಿರುತ್ತದೆ. ಆ ಫೋಟೋ ಅದರ ಕ್ಲಾಸಿನವರ ಮೊಬೈಲಿಗೂ ಹೋಗುತ್ತದೆ.

ಫೀಸನ್ನು ಶಾಲೆಯ ಆಫೀಸಿನಲ್ಲೇ ಕಟ್ಟಿಬಿಡಿ. ಪುಸ್ತಕವನ್ನು ತಾಯಿಯ ಕೈಗೆ ಕೊಡಿ, ತಾಯಿಯೇ ಮಗುವಿಗೆ ಕೊಡಲಿ. ಹಾಕಿರುವ ಫೋಟೋಗಳನ್ನು ಇವತ್ತೇ ತೆಗೆದುಬಿಡಿ.