ಕೆರೆ ಹೋಯ್ತು, ಟಾಕೀಸು ಹೋಯ್ತು, ಬೀದಿ ನಲ್ಲಿಯೂ ಹೋಯ್ತು

ಚಾಮರಾಜಪೇಟೆಯಿಂದ ಪತ್ರ ಬರೆದ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗಾಗಿ ಅದರ ಸಾರ ಇಷ್ಟು: ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಕೆರೆ ಇತ್ತು ಎಂದು ನೀವು ಹೇಳಿದ್ದಕ್ಕೆ ಮೊಮ್ಮಗ ನಕ್ಕುಬಿಟ್ಟ. ಪ್ಲಾಜಾ, ಕಪಾಲಿ ಟಾಕೀಸುಗಳ ಹೆಸರನ್ನೂ ಅವನು ಕೇಳಿಲ್ಲ. ನಿಮ್ಮ ಬೀದಿ ಕೊನೆಯಲ್ಲಿದ್ದ ನಲ್ಲಿಯೂ ಈಗಿಲ್ಲ. ಬೆಂಗಳೂರಿನ ಹಳಬರು ನೆನಪು ಹಂಚಿಕೊಳ್ಳಲು ಪತ್ರಿಕೆಯಲ್ಲಿ ಒಂದು ಪುಟ ಬಿಡಿ ಎಂದು ಕೇಳಿದ್ದೀರಿ. ಜೊತೆಗೆ, "ನಾವೇನು ದೊಡ್ಡ ಮನುಷ್ಯರಲ್ಲ, ನಮ್ಮ ನೆನಪನ್ನು ಯಾರಾದರೂ ಇತಿಹಾಸ ಅಂತಾರಾ?" ಎಂಬ ಪ್ರಶ್ನೆಯೂ ಇದೆ.

ಪುಟ ಖಂಡಿತ ಕೊಡುತ್ತೇವೆ. ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲು ಕೆರೆ. ಮೊಮ್ಮಗನಿಗೆ ನೀವು ಹೇಳಿದ್ದು ನಿಜ. ಅದು ಧರ್ಮಾಂಬುಧಿ ಕೆರೆ, ಒಂದು ಕಾಲದಲ್ಲಿ ಪೇಟೆಗೆ ನೀರು ಕೊಟ್ಟಿದ್ದು. ನಂಬದಿದ್ದರೆ ಅವನನ್ನು ಅಲ್ಲೇ ಪಕ್ಕದ ಟ್ಯಾಂಕ್ ಬಂಡ್ ರಸ್ತೆಗೆ ಕರೆದುಕೊಂಡು ಹೋಗಿ. ಆದರೆ ಪತ್ರದಲ್ಲಿ "ನಾನು ಕಂಡ ಕೆರೆ" ಎಂದಿದ್ದೀರಿ. ವಯಸ್ಸು ಎಪ್ಪತ್ತು ದಾಟಿದೆ ಎಂದೂ ಬರೆದಿದ್ದೀರಿ. ನೀವು ಹುಟ್ಟುವ ಹೊತ್ತಿಗೇ ಅಲ್ಲಿ ನೀರಿರಲಿಲ್ಲ, ಸುಭಾಷ್ ನಗರ ಮೈದಾನ ಇತ್ತು. ನೀರು ಕಂಡವರು ನಿಮ್ಮ ತಾತನೋ ಅಜ್ಜಿಯೋ ಇರಬೇಕು. ಮನೆಯಲ್ಲಿ ಮತ್ತೆ ಮತ್ತೆ ಕೇಳಿದ ಮಾತು ಕಣ್ಣಾರೆ ಕಂಡಂತೆಯೇ ಉಳಿದುಬಿಡುತ್ತದೆ, ಅಲ್ವಾ? ಇದನ್ನು ತಪ್ಪು ಹಿಡಿಯಲು ಹೇಳುತ್ತಿಲ್ಲ. "ತಾತ ಹೇಳುತ್ತಿದ್ದರು" ಎಂದು ಬರೆದರೆ ಅದರ ಬೆಲೆ ಕಡಿಮೆಯಾಗುವುದಿಲ್ಲ, ಇನ್ನೂ ಜಾಸ್ತಿಯಾಗುತ್ತದೆ. ಆ ಮಾತು ಯಾವ ಕಾಲದ್ದು ಎಂದು ಗೊತ್ತಾಗುತ್ತದಲ್ಲ.

ಕೆರೆಗಳನ್ನು ನುಂಗಿದರು ಎಂದು ಸಿಟ್ಟಿನಿಂದ ಬರೆದಿದ್ದೀರಿ. ಸಿಟ್ಟು ಸರಿಯೇ. ಆದರೆ ನುಂಗುವ ಮೊದಲು ಇನ್ನೊಂದು ಸಂಗತಿ ನಡೆದಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂತು. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ನಲ್ಲಿ ಬಂದ ಮೇಲೆ ಊರೊಳಗಿನ ಕೆರೆಗೆ ಕೆಲಸ ಉಳಿಯಲಿಲ್ಲ. ಹೂಳು ತೆಗೆಯುವವರಿಲ್ಲ, ಕಾಲುವೆ ನೋಡುವವರಿಲ್ಲ. ಕೊಳಚೆ ಸೇರಿತು, ಸೊಳ್ಳೆ ಬಂತು, ಮಲೇರಿಯಾದ ಭಯವೂ ಬಂತು. ಆಮೇಲೆ ಊರ ನಡುವಿನ ಸಮತಟ್ಟು ಸರ್ಕಾರಿ ಜಾಗ ಎಲ್ಲರ ಕಣ್ಣಿಗೂ ಬಿತ್ತು. ಶೂಲೆ ಕೆರೆ ಫುಟ್‌ಬಾಲ್ ಸ್ಟೇಡಿಯಂ ಆಯಿತು. ಅಕ್ಕಿತಿಮ್ಮನಹಳ್ಳಿ ಕೆರೆ ಹಾಕಿ ಸ್ಟೇಡಿಯಂ ಆಯಿತು. ಮಿಲ್ಲರ್ ಕೆರೆಯ ಅಂಗಳದಲ್ಲಿ ಗುರುನಾನಕ್ ಭವನ ಎದ್ದಿತು. ಸಿದ್ದಿಕಟ್ಟೆ ಇದ್ದಲ್ಲಿ ಕೆ.ಆರ್. ಮಾರ್ಕೆಟ್ ಬಂದಿದ್ದಂತೂ ಇವೆಲ್ಲಕ್ಕಿಂತ ಹಿಂದೆ.

ಸಂಪಂಗಿ ಕೆರೆಯದು ಬೇರೆಯೇ ಕಥೆ. ಅದರ ನೀರು ನಂಬಿಕೊಂಡು ಹೂವು, ತರಕಾರಿ ಬೆಳೆಯುತ್ತಿದ್ದವರು ತಿಗಳರು. ಅವರಿಗೆ ಕೆರೆ ತುಂಬಿರಬೇಕು. ದಂಡಿನ, ಅಂದರೆ ಬ್ರಿಟಿಷರ ಕಂಟೋನ್ಮೆಂಟಿನ ಕಡೆಯವರಿಗೆ ಅದು ಒಣಗಿರಬೇಕು. ಯಾರ ಮಾತು ನಡೆಯಿತು ಎಂಬುದಕ್ಕೆ ಕಂಠೀರವ ಸ್ಟೇಡಿಯಂ ಸಾಕ್ಷಿ. ಪಕ್ಕದಲ್ಲಿ ಒಂದು ಪುಟ್ಟ ಕೊಳ ಮಾತ್ರ ಉಳಿದಿದೆ. ಕರಗದ ಸಮಯದಲ್ಲಿ ತಿಗಳರು ಈಗಲೂ ಅಲ್ಲಿಗೆ ಬರುತ್ತಾರೆ. ಅದೇ ಸ್ಟೇಡಿಯಂನಲ್ಲಿ ಓಡಿ ಪದಕ ಗೆದ್ದವರ ನೆನಪೂ ನಮಗೆ ಬೇಕು. ಆದರೆ ಆ ತೋಟದವರ ಮನೆಯ ನೆನಪು ಬರುವುದು ತೀರಾ ಅಪರೂಪ. ಅಂಥ ಪತ್ರಕ್ಕೆ ಈ ಪುಟದಲ್ಲಿ ಯಾವತ್ತೂ ಮೊದಲ ಜಾಗ.

ಇನ್ನು ಟಾಕೀಸು. ಎಂ.ಜಿ. ರಸ್ತೆಯ ಪ್ಲಾಜಾ ಶುರುವಾಗಿದ್ದು 1936ರಲ್ಲಿ. ಆ ಜಾಗದಲ್ಲಿ ಈಗ ಮೆಟ್ರೊ ನಿಲ್ದಾಣ. 2011ರಲ್ಲಿ ಊರಿನ ಮೊದಲ ಮೆಟ್ರೊ ರೈಲು ಓಡಿದ್ದು ಅಲ್ಲಿಂದಲೇ. ಕಪಾಲಿ 1968ರಲ್ಲಿ ತೆರೆದು 2017ರಲ್ಲಿ ಮುಚ್ಚಿತು. ಮೆಜೆಸ್ಟಿಕ್ ಎಂಬ ಟಾಕೀಸೇ ಹೋಗಿ, ಅದರ ಹೆಸರು ಮಾತ್ರ ಇಡೀ ಪ್ರದೇಶಕ್ಕೆ ಅಂಟಿಕೊಂಡಿದೆ. ಇವುಗಳ ಬಗ್ಗೆ ನಮಗೆ ಪತ್ರಗಳಿಗೇನೂ ಬರ ಇಲ್ಲ. ಆದರೆ ಎಲ್ಲರೂ ಬರೆಯುವುದು ಯಾವ ಸಿನಿಮಾ ನೋಡಿದೆವು ಎಂದೇ. ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವರು ಯಾರು? ಒಂದು ಟಾಕೀಸಿನಿಂದ ಇನ್ನೊಂದಕ್ಕೆ ಸೈಕಲ್ಲಿನಲ್ಲಿ ರೀಲಿನ ಡಬ್ಬ ಸಾಗಿಸುತ್ತಿದ್ದ ಹುಡುಗರು? ಕಟೌಟ್ ಬರೆಯುತ್ತಿದ್ದ ಪೇಂಟರುಗಳು? ತೆರೆಯ ಮುಂದಿನ ಅಗ್ಗದ ಗಾಂಧಿ ಕ್ಲಾಸಿನಲ್ಲಿ ಹೆಂಗಸರು ಒಬ್ಬರೇ ಹೋಗಿ ಕೂರಬಹುದಿತ್ತಾ? ಸಿನಿಮಾ ಈಗಲೂ ಮೊಬೈಲಿನಲ್ಲಿ ಸಿಗುತ್ತದೆ. ಇವು ಸಿಗುವುದಿಲ್ಲ.

ಒಂದು ಮಾತಿಗೆ ಮಾತ್ರ ನನ್ನ ತಕರಾರಿದೆ. "ಆಗ ಬೆಂಗಳೂರು ಸ್ವರ್ಗ" ಎಂದಿದ್ದೀರಿ. ನೀವು ಹೊಗಳುವ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಿದ್ದೇ 1898ರ ಪ್ಲೇಗಿನ ಮೇಲೆ. ಪೇಟೆಯ ಇಕ್ಕಟ್ಟಿನಲ್ಲಿ ಜನ ಸಾಯತೊಡಗಿದಾಗ ಅಗಲ ಬೀದಿಯ ಬಡಾವಣೆ ಬೇಕಾಯಿತು. ಹೋಗಿದ್ದೆಲ್ಲ ಚೆನ್ನಾಗಿತ್ತು ಅನ್ನುವ ಹಾಗಿಲ್ಲ. ಶೇಷಾದ್ರಿ ರಸ್ತೆಯ ಸೆಂಟ್ರಲ್ ಜೈಲು ಹೋಯಿತೆಂದು ಯಾರಾದರೂ ಅತ್ತರೇ? ಅದು ಈಗ ಫ್ರೀಡಂ ಪಾರ್ಕ್. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಇದ್ದ ಜೈಲು ಅದು ಎನ್ನುವುದು ಎಲ್ಲರಿಗೂ ಗೊತ್ತು. ಅಲ್ಲಿದ್ದ ಸಾಮಾನ್ಯ ಕೈದಿಗಳನ್ನು ನೋಡಲು ಹೊರಗೆ ಕಾದು ನಿಂತವರು ಒಬ್ಬರೂ ನಮಗೆ ಬರೆದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750. ಅದರಲ್ಲಿರುವುದು ಕಿತ್ತಯ್ಯ ಎಂಬವನ ಹೆಸರು. ಅವನು ರಾಜನಲ್ಲ, ಕಾದಾಡಿ ಸತ್ತ ಒಬ್ಬ ಆಳು. ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಇನ್ನೊಂದು ಕಲ್ಲಿದೆ. ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಸತ್ತವನ ನೆನಪಿಗೆ ನೆಟ್ಟಿದ್ದು. 1537ರಲ್ಲಿ ಕೆಂಪೇಗೌಡರು ಕೋಟೆ ಕಟ್ಟುವುದಕ್ಕೆ ಆರುನೂರು ವರ್ಷಕ್ಕೂ ಮೊದಲೇ ಈ ಹೆಸರಿನ ಊರಿತ್ತು ಎಂದು ನಮಗೆ ತಿಳಿದಿದ್ದು ಆ ಕಲ್ಲಿನಿಂದ. ದೊಡ್ಡ ಮನುಷ್ಯರಲ್ಲದವರ ನೆನಪಿನಿಂದ ಇಷ್ಟು ಸಿಕ್ಕಿದೆ. ಶಾಸನ ತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದರು. ಅವರು ನೋಡಿದ ಎಷ್ಟೋ ಕಲ್ಲುಗಳು ಈಗಿಲ್ಲ. ಉಳಿದವನ್ನು ಬೆಂಗಳೂರಿನ ಇತಿಹಾಸ ಸಂಸ್ಥೆ ಮಿಥಿಕ್ ಸೊಸೈಟಿಯವರು ಹುಡುಕಿ ತ್ರೀ-ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಇಂಥ ಹುಡುಕಾಟದಲ್ಲಿ ಪುಸ್ತಕ ಊರಿನವರೆಗೆ ತಲುಪಿಸಬಹುದು ಅಷ್ಟೇ. ಅಲ್ಲಿಂದ ಮುಂದೆ, "ಕಲ್ಲು ಇಲ್ಲಿತ್ತು, ರಸ್ತೆ ಅಗಲ ಮಾಡುವಾಗ ಆ ಕಡೆ ಎಳೆದು ಹಾಕಿದರು" ಎಂದು ತೋರಿಸಲು ಊರಿನ ಒಬ್ಬ ಮುದುಕನೋ ಮುದುಕಿಯೋ ಬೇಕು.

ಬರೆಯುವವರಿಗೆಲ್ಲ ಕೆಲವು ಕೋರಿಕೆ. ಇಸವಿ ನೆನಪಾಗದಿದ್ದರೆ ಸುಮ್ನೆ ಊಹಿಸಬೇಡಿ. ಆಗ ಎಷ್ಟನೇ ಕ್ಲಾಸಿನಲ್ಲಿದ್ದಿರಿ, 1971ರ ಯುದ್ಧಕ್ಕೆ ಮೊದಲೋ ಆಮೇಲೋ ಎಂದು ಬರೆಯಿರಿ, ಉಳಿದಿದ್ದನ್ನು ನಾವು ನೋಡಿಕೊಳ್ಳುತ್ತೇವೆ. ಮನೆಯ ಹಿರಿಯರನ್ನು "ಆಗಿನ ಕಾಲ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತಪ್ಪ" ಎಂದು ಸುಮ್ಮನಾಗುತ್ತಾರೆ. ಮನೆಯಿಂದ ಸ್ಕೂಲಿಗೆ ಹೋಗುವಾಗ ಎಡಗಡೆ ಏನೇನು ಸಿಗುತ್ತಿತ್ತು ಎಂದು ಕೇಳಿ ನೋಡಿ. ಮಾತು ನಿಲ್ಲುವುದಿಲ್ಲ. ಹಳೆಯ ಮದುವೆ ಕಾಗದ ಎಸೆಯಬೇಡಿ. ಈಗಿಲ್ಲದ ಛತ್ರದ ವಿಳಾಸ ತಾರೀಖು ಸಮೇತ ಇರುವುದು ಅದರಲ್ಲೇ. ಫೋಟೊದಲ್ಲಿ ನಿಮ್ಮ ಮುಖಕ್ಕಿಂತ ನಿಮ್ಮ ಹಿಂದಿನ ಅಂಗಡಿಯ ಬೋರ್ಡು ನಮಗೆ ಮುಖ್ಯ, ಬೇಜಾರು ಮಾಡಿಕೊಳ್ಳಬೇಡಿ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದರ ಪ್ರತಿಯನ್ನೂ ಕಳಿಸಿ. ಹೊಸದಾಗಿ ಬರೆಯುವುದಿದ್ದರೆ ಮೆತ್ತನೆಯ ಪೆನ್ಸಿಲ್ ಬಳಸಿ, ಬಾಲ್‌ಪೆನ್ ಬೇಡ. ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಮೂಲ ಫೋಟೊ ನಿಮ್ಮ ಹತ್ತಿರವೇ ಇರಲಿ.

ಮೇಡಂ, ಪುಟದ ಮೊದಲ ಬರಹ ನಿಮ್ಮದೇ ಆಗಬೇಕು. ಧರ್ಮಾಂಬುಧಿ ಬೇಡ, ಅದರ ಬಗ್ಗೆ ಬರೆದವರಿದ್ದಾರೆ. ಪತ್ರದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋದ ಆ ಬೀದಿ ನಲ್ಲಿಯ ಬಗ್ಗೆ ಬರೆಯಿರಿ. ಕೆರೆಯ ಕೆಲಸ ಕಿತ್ತುಕೊಂಡ ನಲ್ಲಿ ಅದು, ಮನೆ ಮನೆಗೆ ಕೊಳಾಯಿ ಬಂದ ಮೇಲೆ ಅದಕ್ಕೂ ಕೆಲಸ ಹೋಯಿತು. ನೀರು ಎಷ್ಟು ಹೊತ್ತಿಗೆ ಬರುತ್ತಿತ್ತು? ಬಿಂದಿಗೆ ಸಾಲಿನಲ್ಲಿ ಜಗಳ ಆದರೆ ಬಿಡಿಸುತ್ತಿದ್ದವರು ಯಾರು? ಗಂಡಸರು ಯಾರಾದರೂ ನೀರು ಹಿಡಿಯಲು ಬರುತ್ತಿದ್ದರಾ? ಆ ನಲ್ಲಿಯನ್ನು ಎಲ್ಲ ಜಾತಿಯವರೂ ಮುಟ್ಟಬಹುದಿತ್ತಾ? ಎರಡು ಪುಟ ಸಾಕು. ಮುಂದಿನ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ತಲುಪಿಸಿ. ಬೀದಿಯ ಒಂದು ನಕ್ಷೆಯನ್ನೂ ಕೈಯಲ್ಲೇ ಬರೆದು ಕಳಿಸಿ, ಗೆರೆ ಸೊಟ್ಟಗಿದ್ದರೂ ಪರವಾಗಿಲ್ಲ.

– ಸಂಪಾದಕ