ಸುಡಾನ್‌ನಲ್ಲಿರುವ ಗೆಳೆಯನಿಗೆ ಏನು ಬರೆಯೋದು?

ಮೈಸೂರಲ್ಲಿ ಜೊತೆಗೆ ಓದಿದ ಗೆಳೆಯ ಈಗ ಒಮ್ದುರ್ಮಾನ್‌ನಲ್ಲಿದ್ದಾನೆ, ನಮ್ಮ ದೇವರಿಗೆ ಹರಕೆ ಹೊತ್ತರೆ ಅವನು ಬೇಜಾರು ಮಾಡ್ಕೊಳ್ತಾನಾ, ದುಡ್ಡು ಕಳಿಸಲಾ ಅಂತ ಕೇಳಿದ್ದೀರಿ.

ಬೇಜಾರ್ಯಾಕೆ? ಹರಕೆ ಹೊತ್ತು ಅವನಿಗೂ ಹೇಳಿ. ಸುಮ್ನೆ 'ಶಾಂತಿ ಸಿಗಲಿ' ಅನ್ನೋದಕ್ಕಿಂತ ಅವನ ಅಮ್ಮನ ಹೆಸರು, ತಂಗಿಯ ಹೆಸರು ಕೇಳಿಕೊಂಡು ಬೇಡಿಕೊಳ್ಳಿ. 2023ರ ಏಪ್ರಿಲ್ 15ಕ್ಕೆ ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಅನ್ನೋ ಅರೆಸೇನಾ ಪಡೆಗೂ ಯುದ್ಧ ಶುರುವಾದಾಗ ನಮ್ಮ ಹಕ್ಕಿಪಿಕ್ಕಿಯವರು ಭಾರತೀಯರನ್ನು ಕರೆತರೋಕೆ ಸರ್ಕಾರ ನಡೆಸಿದ ಆಪರೇಷನ್ ಕಾವೇರಿಯಲ್ಲಿ ಊರಿಗೆ ಬಂದರು, ಅವನ ಕಡೆಯವರಿಗೆ ಅಂಥ ಹಡಗು ಬರಲಿಲ್ಲ ಅಲ್ವಾ.

'ಹೇಗಿದ್ದೀಯ' ಅಂತ ದಿನಾ ಕೇಳಬೇಡಿ. ಹಳೇ ಹಾಸ್ಟೆಲ್ ಮಾತು ಬರೆದು, 'ಉತ್ತರ ಬರೀಲೇಬೇಕು ಅಂತೇನಿಲ್ಲ' ಅಂತ ಸೇರಿಸಿ. ಕರೆಂಟ್, ನೆಟ್‌ವರ್ಕ್ ಇಲ್ಲದಿದ್ದರೆ ಒಂದೇ ಟಿಕ್ ನಿಂತಿರುತ್ತೆ, ಗಾಬರಿ ಬೇಡ.

ದುಡ್ಡು ಧಾರಾಳವಾಗಿ ಕಳಿಸಿ, ಆದರೆ ಹೇಗೆ ಅಂತ ಮೊದಲು ಅವನನ್ನೇ ಕೇಳಿ. ಅಲ್ಲಿ ನೋಟಿಗೆ ಪರದಾಟ, ಜಾಸ್ತಿ ವ್ಯವಹಾರ ಬ್ಯಾಂಕಕ್ ಅನ್ನೋ ಆ್ಯಪ್‌ನಲ್ಲೇ. ಹವಾಲಾ ಸಹವಾಸ ಬೇಡ. ಅವನಿಗೆ ಸಂಕೋಚವಾದರೆ ಅವನ ಓಣಿಯ 'ತಕಾಯಾ'ಗೆ ಕೊಡ್ತೀನಿ ಅನ್ನಿ. ಹುಡುಗರೇ ದೊಡ್ಡ ಹಂಡೆಯಲ್ಲಿ ಬೇಳೆ, ಕಾಳು ಬೇಯಿಸಿ ಪಾತ್ರೆ ತಂದವರಿಗೆಲ್ಲ ಬಡಿಸುವ ಅಡುಗೆಮನೆ ಅದು.

ಇನ್ನೊಂದು, ಯಾರ ಪರ-ವಿರೋಧನೂ ಮೆಸೇಜ್‌ನಲ್ಲಿ ಬರೀಬೇಡಿ. ಚೆಕ್‌ಪೋಸ್ಟ್‌ಗಳಲ್ಲಿ ಫೋನ್ ತೆಗೆಸಿ ನೋಡ್ತಾರೆ.