ಮಕ್ಕಳಿಗೆ ಬಾಕ್ಸ್ ಪ್ಲಾಟ್ ಬಿಡಿಸೋದು ಕಲಿಸಬೇಕು, ಯಾವ ಆ್ಯಪ್ ಸುಲಭ?

ಆ್ಯಪ್ ಸದ್ಯಕ್ಕೆ ಪಕ್ಕಕ್ಕಿಡಿ. ಬಾಕ್ಸ್ ಪ್ಲಾಟ್, ಅಂದರೆ ಅಂಕಿಗಳು ಹೇಗೆ ಹರಡಿವೆ ಅಂತ ತೋರಿಸುವ ಡಬ್ಬದ ಚಿತ್ರ, ಅದನ್ನು ಬಿಡಿಸೋದೂ ಆಮೇಲೆ. ನಾನು ಬಿಡಿಸೋದರಿಂದಲೇ ಶುರು ಮಾಡಿ ಕೈ ಸುಟ್ಟುಕೊಂಡವಳು.

ಮೈಸೂರಿನಲ್ಲಿ ಕೂತು ಅಮೆರಿಕದ ಮಕ್ಕಳಿಗೆ ಆನ್‌ಲೈನ್ ಟ್ಯೂಷನ್ ಮಾಡುತ್ತೇನೆ. ಅಲ್ಲಿನ ಬಹುತೇಕ ರಾಜ್ಯಗಳ ಶಾಲೆಗಳು ಅನುಸರಿಸುವ ಕಾಮನ್ ಕೋರ್ ಪಠ್ಯಮಟ್ಟದಲ್ಲಿ ಬಾಕ್ಸ್ ಪ್ಲಾಟ್ ಆರನೇ ಕ್ಲಾಸಿಗೇ ಬರುತ್ತದೆ. ನಾನು ಎಸ್ಸೆಸ್ಸೆಲ್ಸಿ ಓದುವಾಗ ಮೀಡಿಯನ್ ಇತ್ತು, ಈ ಡಬ್ಬ ಇರಲಿಲ್ಲ. ಹಿಂದಿನ ರಾತ್ರಿ ನಾನೇ ಓದಿಕೊಂಡು ಅಡುಗೆ ರೆಸಿಪಿ ಥರ ಹೇಳಿಕೊಟ್ಟೆ. ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದು ಮೀಡಿಯನ್, ಎರಡೂ ಅರ್ಧಗಳ ನಡುವಿನವು ಕ್ವಾರ್ಟೈಲ್, ಒಂದು ಕ್ವಾರ್ಟೈಲ್‌ನಿಂದ ಇನ್ನೊಂದಕ್ಕೆ ಡಬ್ಬ ಹಾಕಿ, ಒಳಗೆ ಮೀಡಿಯನ್ ಮೇಲೆ ಗೆರೆ, ಎರಡೂ ಕಡೆ ತುದಿಯ ಅಂಕಿಯವರೆಗೆ ಮೀಸೆ ಎಳೆಯಿರಿ. ಮಕ್ಕಳು ಚಕಚಕ ಬಿಡಿಸಿದರು. ನನಗೋ ಖುಷಿಯೋ ಖುಷಿ.

ಶಾಲೆಯ ಟೆಸ್ಟ್‌ನಲ್ಲಿ ಬಣ್ಣ ಬಯಲಾಯಿತು. ಬಿಡಿಸೋ ಪ್ರಶ್ನೆ ಒಂದೇ, ಉಳಿದದ್ದೆಲ್ಲ ಚಿತ್ರ ನೋಡಿ ಅರ್ಥ ಹೇಳೋದು. ಒಬ್ಬ ಹುಡುಗಿಯ ಅಮ್ಮ ಮರುವಾರವೇ ಬೇರೆ ಟ್ಯೂಷನ್ ಹುಡುಕಿಕೊಂಡರು.

ತಪ್ಪು ಎಲ್ಲಾಯಿತು ನೋಡಿ. ಶಾಲೆಗೆ ಬರಲು 11 ಮಕ್ಕಳಿಗೆ ಹಿಡಿಯುವ ನಿಮಿಷಗಳು ಹೀಗಿವೆ ಅನ್ನಿ: 5, 8, 10, 10, 12, 15, 20, 25, 30, 45, 50. ಮೀಡಿಯನ್ 15. ಡಬ್ಬ 10ರಿಂದ 30ರವರೆಗೆ. ಒಳಗಿನ ಗೆರೆಯ ಎಡಕ್ಕೆ 5 ನಿಮಿಷದಷ್ಟು ಜಾಗ, ಬಲಕ್ಕೆ 15. "ಯಾವ ಕಡೆ ಮಕ್ಕಳು ಜಾಸ್ತಿ?" ಅಂತ ಕೇಳಿದರೆ ಎಲ್ಲರೂ ಬಲಕ್ಕೇ ಬೆರಳು ತೋರಿಸುತ್ತಾರೆ. ಅವರದ್ದೇನು ತಪ್ಪು? ಬಾರ್ ಗ್ರಾಫ್‌ನಲ್ಲಿ ಉದ್ದ ಇದ್ದರೆ ಜಾಸ್ತಿ ಅಂತ ಕಲಿಸಿದವರು ನಾವೇ ಅಲ್ವಾ. ಇಲ್ಲಿ ಹಾಗಲ್ಲ. ಎರಡು ಮೀಸೆ, ಡಬ್ಬದ ಎರಡು ಭಾಗ, ನಾಲ್ಕರಲ್ಲೂ ಮಕ್ಕಳು ಅಷ್ಟಷ್ಟೇ. ಉದ್ದ ಇದ್ದರೆ ಅಂಕಿಗಳು ದೂರ ದೂರ ಹರಡಿವೆ ಅಂತ, ಅಷ್ಟೇ. ಈ ಒಂದು ಮಾತನ್ನು ನಾನು ಬಾಯಿಬಿಟ್ಟು ಹೇಳಿರಲೇ ಇಲ್ಲ. ರೆಸಿಪಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ನಿಮ್ಮ ಎದುರಿಗೆ ಮಕ್ಕಳೇ ಇದ್ದಾರೆ, ನನಗೆ ಆ ಭಾಗ್ಯವಿಲ್ಲ. 11 ಜನರನ್ನು ಕಡಿಮೆ ನಿಮಿಷದಿಂದ ಜಾಸ್ತಿ ನಿಮಿಷದ ಕಡೆಗೆ ಸಾಲಾಗಿ ನಿಲ್ಲಿಸಿ. ಮೂರನೆಯ, ಆರನೆಯ, ಒಂಬತ್ತನೆಯ ಮಕ್ಕಳು ಕೈ ಎತ್ತಲಿ. ಕೈ ಎತ್ತದವರು ಇಬ್ಬಿಬ್ಬರಾಗಿ ನಾಲ್ಕು ಗುಂಪಾಗುತ್ತಾರೆ. ಈಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದು, ಅವರವರ ನಿಮಿಷದ ಮೇಲೆ ನಿಲ್ಲಿಸಿ. 10 ಮತ್ತು 12ರವರು ಮೈಗೆ ಮೈ ತಾಗಿಸಿಕೊಂಡಿರುತ್ತಾರೆ, 45 ಮತ್ತು 50ರವರು ಅಷ್ಟು ದೂರ. ಮೂರನೆಯ ಮಗುವಿನಿಂದ ಒಂಬತ್ತನೆಯ ಮಗುವಿನವರೆಗೆ ಅವರ ಸುತ್ತಲೇ ಡಬ್ಬ ಎಳೆಯಿರಿ. ಔಟ್‌ಲೈಯರ್‌ಗೆ, ಅಂದರೆ ಉಳಿದವುಗಳಿಂದ ತೀರಾ ದೂರ ನಿಂತ ಅಂಕಿಗೆ, ಹಾಕುವ 1.5 ಪಟ್ಟಿನ ಲೆಕ್ಕ ಈಗಲೇ ಬೇಡ, ಸುಮ್ನೆ ತಲೆನೋವು.

ಇಷ್ಟಾದ ಮೇಲೂ ಆ್ಯಪ್ ಬೇಕೇ ಬೇಕು ಅಂದರೆ ಒಂದು ಎಚ್ಚರ. ಇದೇ ಅಂಕಿಗಳನ್ನು ಗೂಗಲ್ ಶೀಟ್ಸ್‌ನ ಕ್ವಾರ್ಟೈಲ್ ಫಾರ್ಮುಲಾಗೆ ಕೊಟ್ಟರೆ ಮೇಲಿನ ಕ್ವಾರ್ಟೈಲ್ 30 ಅಲ್ಲ, 27.5 ಅನ್ನುತ್ತದೆ. ನಾವು ಮೀಡಿಯನ್ ಬಿಟ್ಟು ಅರ್ಧ ಮಾಡಿದ್ದೆವು, ಅದು ಸೇರಿಸಿಕೊಂಡು ಮಾಡುತ್ತದೆ. ಎರಡೂ ಸರಿಯೇ. ಆದರೆ ನೋಟ್‌ಬುಕ್ಕಿನಲ್ಲಿ 30 ಬರೆದ ಮಗು ಅದನ್ನು ಹೊಡೆದುಹಾಕಿ ಅಳುಮುಖ ಮಾಡುತ್ತದೆ. ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ 1970ರ ದಶಕದಲ್ಲಿ ಈ ಚಿತ್ರವನ್ನು ಬಳಕೆಗೆ ತಂದಾಗ ಪೆನ್ಸಿಲ್, ಕಾಗದವನ್ನೇ ನಂಬಿದ್ದರು. ನೀವೂ ಮೊದಲು ಅದನ್ನೇ ನಂಬಿ. ಮತ್ತೆ ಒಂಟಿ ಡಬ್ಬ ಬಿಡಿಸಿ ನಿಲ್ಲಿಸಬೇಡಿ, ಪಕ್ಕದ ಸೆಕ್ಷನ್ ಮಕ್ಕಳ ನಿಮಿಷಗಳನ್ನೂ ತರಿಸಿ, ಹೋಲಿಸಿ ನೋಡಲು ಅದರ ಕೆಳಗೇ ಇನ್ನೊಂದು ಹಾಕಿಸಿ.